ಅಕ್ಕನ ಮನೆಯ ದಾರಿ

ಸಹೋದರಿಯರೇ, ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಬಳಿ ಬಂದರು. ಹಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ಆಮಂತ್ರಣ ಪತ್ರಿಕೆ ಕೈಗಿತ್ತು, ಯಾರು ಯಾರು ಬರುತ್ತಾರೆಂದು ಸಂತೋಷದಿಂದ ಹೇಳುತ್ತಿದ್ದರು. ನಾನು ಸಹಜವಾಗಿ, "ನಿಮ್ಮ ತಂಗಿಯೂ ಬರುತ್ತಾರಲ್ಲ?" ಎಂದು ಕೇಳಿದೆ. ಅವರ ಮುಖ ಕಪ್ಪಿಟ್ಟಿತು. "ಅವಳ ಹೆಸರು ಎತ್ತಬೇಡಿ ಟೀಚರ್. ಹನ್ನೆರಡು ವರ್ಷವಾಯಿತು, ನಮ್ಮ ನಡುವೆ ಮಾತಿಲ್ಲ" ಎಂದರು.

ಸಾಮಾನ್ಯವಾಗಿ ಇಂತಹ ಸಂದರ್ಭಗಳಲ್ಲಿ ನಾವು ಕಲಿತವರು ಉಪದೇಶಕ್ಕೆ ತೊಡಗುತ್ತೇವೆ. ರಕ್ತ ಸಂಬಂಧದ ಬಗ್ಗೆ ಹದೀಸ್‌ಗಳು ನಮ್ಮ ನಾಲಿಗೆಯ ತುದಿಯಲ್ಲಿರುತ್ತವೆ. ಆದರೆ ಆ ದಿನ ನನಗೆ ಉಪದೇಶ ಹೇಳುವ ಧೈರ್ಯ ಬರಲಿಲ್ಲ. ಏಕೆಂದರೆ ಆ ಹದೀಸ್‌ಗಳನ್ನು ವರ್ಷಾನುಗಟ್ಟಲೆ ಮಕ್ಕಳಿಗೆ ಕಲಿಸುತ್ತಲೇ ನಾನೂ ನನ್ನ ಸ್ವಂತ ಅಕ್ಕನೊಡನೆ ಮಾತು ಬಿಟ್ಟವಳಾಗಿದ್ದೆ. ಅದಕ್ಕೇ ಅವರನ್ನು ಕೂರಿಸಿಕೊಂಡು ಒಂದು ಪ್ರಯಾಣದ ಕತೆ ಹೇಳಿದೆ. ಅದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಅಲ್ಲಿಗೆ ಫಾರ್ಮಸಿ ಕಲಿಯಲು ಬಂದಿದ್ದ ಇರಾನಿನ ಯುವಕನೊಬ್ಬನ ಕಡೆಯಿಂದ ಮದುವೆಯ ಪ್ರಸ್ತಾಪ ಬಂತು. ಹುಡುಗ ಸಭ್ಯ, ನಮಾಝಿ, ದುಶ್ಚಟಗಳಿಲ್ಲದವನು. ಅಕ್ಕನಿಗೂ ಒಪ್ಪಿಗೆಯಿತ್ತು. ಆದರೆ ಅವನು ಶಿಯಾ, ನಾವು ಸುನ್ನಿ. ಅದಕ್ಕಿಂತ ಮೇಲೆ ಸಮುದ್ರದಾಚೆಯ ದೇಶ. ಅಬ್ಬಾ ಒಪ್ಪಲಿಲ್ಲ. 1998ರಲ್ಲಿ ಮಾವನೊಬ್ಬರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ನಿಕಾಹ್ ಆಯಿತು. ಅಬ್ಬಾ ಹೋಗಲಿಲ್ಲ. ಅಮ್ಮಿಯನ್ನೂ ಕಳುಹಿಸಲಿಲ್ಲ. ಅಕ್ಕ ಗಂಡನ ಊರಾದ ಶಿರಾಝ್‌ಗೆ ಹೊರಟು ಹೋದಳು.

ಅವಳ ಪತ್ರಗಳು ಬರುತ್ತಿದ್ದವು. ಅಬ್ಬಾ ಒಡೆಯದೆ ವಾಪಸು ಕಳುಹಿಸುತ್ತಿದ್ದರು. ಒಂದೆರಡು ಪತ್ರಗಳು ನಾನು ಓದುತ್ತಿದ್ದ ಮದ್ರಸಾದ ವಿಳಾಸಕ್ಕೆ ನನ್ನ ಹೆಸರಿಗೇ ಬಂದಿದ್ದವು. ನಾನು ಓದಿದೆ, ಮಡಚಿ ಕಿತಾಬಿನೊಳಗೆ ಇಟ್ಟೆ, ಉತ್ತರ ಬರೆಯಲಿಲ್ಲ. ಅಬ್ಬಾಗೆ ಹೆದರಿ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. 2009ರಲ್ಲಿ ಅಬ್ಬಾ ತೀರಿಕೊಂಡರು. ಆ ಮೇಲೂ ನಾನು ಬರೆಯಲಿಲ್ಲ. ಆಗ ಯಾರ ಹೆದರಿಕೆಯಿತ್ತು? ಆ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಅಮ್ಮಿ ಮಾತ್ರ, "ಅವರು ಕ್ಷಮಿಸದೆ ಹೋದದ್ದನ್ನು ನಾನು ಹೇಗೆ ಕ್ಷಮಿಸಲಿ?" ಎನ್ನುತ್ತಿದ್ದರು.

2017ರ ಒಂದು ಸಂಜೆ ಮನೆಯ ಫೋನಿಗೆ ಕರೆ ಬಂತು. ಹುಡುಗಿಯೊಬ್ಬಳು ತೊದಲು ಉರ್ದುವಿನಲ್ಲಿ, "ನಾನಿ, ಅಮ್ಮ ಯಾವಾಗಲೂ ಹೇಳುವ ಅಕ್ಕಿ ರೊಟ್ಟಿ ಮಾಡುವುದು ಹೇಗೆ?" ಎಂದು ಕೇಳಿದಳು. ಅಮ್ಮಿ ಒಂದು ಕ್ಷಣ ಮೌನವಾದರು. ಆಮೇಲೆ ಹಿಟ್ಟು ಕಲೆಸುವ ನೀರು ಎಷ್ಟು ಬಿಸಿಯಿರಬೇಕು ಎಂಬಲ್ಲಿಂದ ಹಿಡಿದು ಕಾವಲಿಯ ಮೇಲೆ ಕೈ ಸುಡದಂತೆ ತಟ್ಟುವವರೆಗೆ ಹತ್ತು ನಿಮಿಷ ವಿವರಿಸಿದರು. ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಳುವ ಸದ್ದು ಕೇಳುತ್ತಿತ್ತು. ಅದೇ ವಾರ, "ನನ್ನ ಪಾಸ್‌ಪೋರ್ಟ್ ಮಾಡಿಸು" ಎಂದರು. ಆಗ ಅವರಿಗೆ ಎಪ್ಪತ್ತು ವರ್ಷ.

2018ರ ಏಪ್ರಿಲ್‌ನಲ್ಲಿ, ಶಾಲೆಗೆ ರಜೆ ಸಿಕ್ಕಿದ ಕೂಡಲೇ, ಅಮ್ಮಿ, ನಾನು, ನನ್ನ ಯಜಮಾನರು ಮತ್ತು ಎಂಟನೇ ತರಗತಿ ಮುಗಿಸಿದ್ದ ಮಗ ಹೊರಟೆವು. ಕೊಲ್ಲಿಯ ಒಂದು ನಗರದಲ್ಲಿ ವಿಮಾನ ಬದಲಿಸಿ ಶಿರಾಝ್‌ನಲ್ಲಿ ಇಳಿದಾಗ ನಡುರಾತ್ರಿ. ಹೊರಗೆ ಅಕ್ಕ ನಿಂತಿದ್ದಳು. ಇಪ್ಪತ್ತು ವರ್ಷಗಳ ಮೇಲೆ ತಾಯಿ ಮಗಳು ಏನು ಮಾತಾಡುತ್ತಾರೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮಿ ಅವಳ ಕೆನ್ನೆ ಮುಟ್ಟಿ, "ಎಷ್ಟು ಸೊರಗಿದ್ದೀಯಾ!" ಎಂದರು, ಅಷ್ಟೇ. ಭಾವ ಮಾತ್ರ ಮೈಸೂರಿನಲ್ಲಿ ಕಲಿತ ಕನ್ನಡವನ್ನು ಮರೆತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಅತ್ತೆಯ ಮುಂದೆ ತಲೆ ತಗ್ಗಿಸಿ, "ಊಟ ಆಯ್ತಾ?" ಎಂದರು. ಎಲ್ಲರೂ ನಕ್ಕೆವು. ಆ ನಗುವಿನಿಂದ ಅರ್ಧ ಭಾರ ಇಳಿಯಿತು.

ಶಿರಾಝ್‌ನ ಬೀದಿಗಳಲ್ಲಿ ಅದು ನಾರಂಗಿ ಹೂವಿನ ಕಾಲ. ಪೇಟೆಯ ರಸ್ತೆ, ಮಸೀದಿಯ ಅಂಗಳ, ಮನೆಯ ಹಿತ್ತಲು, ಎಲ್ಲೆಲ್ಲೂ ಅದರ ಪರಿಮಳ. ಜನ ಆ ಹೂವನ್ನು ಒಣಗಿಸಿ ಚಹಾಕ್ಕೆ ಹಾಕುತ್ತಾರೆ. ಚಹಾವನ್ನು ಹಾಲಿಲ್ಲದೆ, ಸಕ್ಕರೆಯ ತುಂಡನ್ನು ಬಾಯಲ್ಲಿಟ್ಟುಕೊಂಡು ಕುಡಿಯುತ್ತಾರೆ. ಅಮ್ಮಿ ಮೊದಲ ದಿನವೇ ಹಾಲು ತರಿಸಿಕೊಂಡರು. ಅಲ್ಲಿನ ಊಟದಲ್ಲಿ ಖಾರವಿಲ್ಲ. ಸೊಪ್ಪು, ಮಾಂಸ, ಅವರೆಯಂತಹ ಕಾಳು ಹಾಕಿ ಗಂಟೆಗಟ್ಟಲೆ ಬೇಯಿಸುವ 'ಗೊರ್ಮೆ ಸಬ್ಝಿ' ಬಹಳ ಹಿತವಾದ ಸಾರು. ಆದರೂ ನಾವು ಒಯ್ದಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ನಾಲ್ಕೇ ದಿನದಲ್ಲಿ ಖಾಲಿಯಾಯಿತು. ಹೆಚ್ಚು ತಿಂದವಳು ಅಕ್ಕ.

ಭಾವನ ತಾಯಿ ಅಮ್ಮಿಗಿಂತ ಎರಡು ಮೂರು ವರ್ಷ ಹಿರಿಯರು. ಅವರಿಗೆ ಫಾರ್ಸಿ ಬಿಟ್ಟು ಬೇರೆ ಬಾರದು. ಅಮ್ಮಿಗೆ ಉರ್ದು ಮತ್ತು ಕನ್ನಡ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟರೆ ಏನು ಗತಿ ಎಂದು ನಾನು ಚಿಂತಿಸುತ್ತಿದ್ದೆ. ಆದರೆ ಅಮ್ಮಿ ಮೊಣಕಾಲು ಹಿಡಿದು "ದರ್ದ್" ಎಂದದ್ದೇ ತಡ, ಆ ಹಿರಿಯರು ತಮ್ಮ ಎರಡೂ ಮೊಣಕಾಲು ತೋರಿಸಿ "ದರ್ದ್, ದರ್ದ್" ಎಂದರು. ನೋವು ಎಂಬ ಆ ಒಂದು ಪದದಿಂದ ಸ್ನೇಹ ಆರಂಭವಾಯಿತು. ಆಮೇಲೆ ನಮಕ್, ಪನೀರ್, ಗರಮ್, ದಿಲ್ ಎಂದು ಒಂದೊಂದೇ ಪದ ಹೊರಬಂತು. ನಾವು ಉರ್ದುವಿನದೆಂದು ತಿಳಿದ ಎಷ್ಟೋ ಪದಗಳು ಫಾರ್ಸಿಯವು. ನಮ್ಮ ಕನ್ನಡದ ಜಮೀನು, ಕಾಗದ, ಗುಲಾಬಿ, ಸರ್ಕಾರ, ಅಂದಾಜು, ಇವೆಲ್ಲವೂ ಆ ನಾಡಿನಿಂದಲೇ ಬಂದವು. ನಮ್ಮ 'ನಮಾಝ್' ಎಂಬ ಪದವೂ ಅರಬಿಯಲ್ಲ, ಫಾರ್ಸಿ.

ಮೊದಲ ದಿನ ಮಧ್ಯಾಹ್ನ ನಮಾಝ್‌ನ ಹೊತ್ತಾಯಿತು. ನನಗೆ ಒಳಗೊಳಗೇ ಆತಂಕ. ನಾವು ಎದೆಯ ಮೇಲೆ ಕೈ ಕಟ್ಟುತ್ತೇವೆ, ಅವರು ಕೈ ಇಳಿಬಿಡುತ್ತಾರೆ. ಅವರು ಸುಜೂದ್‌ನಲ್ಲಿ ಹಣೆಯಿಡಲು ಮಣ್ಣಿನ ಸಣ್ಣ ಬಿಲ್ಲೆಯೊಂದನ್ನು ಬಳಸುತ್ತಾರೆ. ಅದನ್ನು 'ಮೊಹ್ರ್' ಎನ್ನುತ್ತಾರೆ. ಅಬ್ಬಾರ ತಕರಾರಿಗೆ ಇದೂ ಒಂದು ಕಾರಣವಾಗಿತ್ತು. ಆ ಹಿರಿಯರು ಎರಡು ಜಾನಮಾಝ್ ತಂದು ಪಕ್ಕಪಕ್ಕದಲ್ಲಿ ಹಾಸಿದರು. ತಮ್ಮದರ ಮೇಲೆ ಮೊಹ್ರ್ ಇಟ್ಟುಕೊಂಡರು. ಅಮ್ಮಿಯದರ ಮೇಲೆ ಇಡಲಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ತಂತಮ್ಮ ರೀತಿಯಲ್ಲಿ ನಮಾಝ್ ಮಾಡಿದರು. ಮುಗಿದ ಮೇಲೆ ಅವರು ಕೈ ಚಾಚಿ ಅಮ್ಮಿಯ ಕೈ ಹಿಡಿದು, ನಮಾಝ್ ಸ್ವೀಕಾರವಾಗಲಿ ಎಂದು ಹಾರೈಸಿದರು. ಅಮ್ಮಿ ಬಹಳ ಹೊತ್ತು ಜಾನಮಾಝ್‌ನ ಮೇಲೆಯೇ ಕುಳಿತಿದ್ದರು.

ಮರುದಿನ ಭಾವ ನಮ್ಮನ್ನು ಕವಿ ಹಾಫಿಝ್‌ರ ಸಮಾಧಿಯ ತೋಟಕ್ಕೆ ಕರೆದೊಯ್ದರು. ಕುರ್‌ಆನ್ ಕಂಠಪಾಠ ಮಾಡಿದವರಾದ್ದರಿಂದ ಅವರಿಗೆ ಆ ಹೆಸರು. ಸಂಜೆ ಹೊತ್ತು ಕಾಲೇಜು ಹುಡುಗಿಯರು, ಮುದುಕರು, ಮಕ್ಕಳು ಸಮಾಧಿಯ ಕಲ್ಲಿನ ಮೇಲೆ ಬೆರಳಿಟ್ಟು ಫಾತಿಹಾ ಓದುತ್ತಿದ್ದರು. ಮದ್ರಸಾದಲ್ಲಿ ನಮ್ಮ ಉಸ್ತಾದರು ಹೇಳುತ್ತಿದ್ದ ಒಂದು ಕತೆ ನನಗೆ ನೆನಪಾಯಿತು. ಇತಿಹಾಸಕಾರ ಫಿರಿಶ್ತಾ ಬರೆದಿರುವಂತೆ, ಗುಲ್ಬರ್ಗದಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಮುಹಮ್ಮದ್ ಶಾ ಈ ಕವಿಯನ್ನು ತನ್ನ ಆಸ್ಥಾನಕ್ಕೆ ಆಹ್ವಾನಿಸಿ ದಾರಿಖರ್ಚಿಗೆ ಹಣವನ್ನೂ ಕಳುಹಿಸಿದ್ದ. ಹಾಫಿಝ್ ಹುರ್ಮುಝ್ ಬಂದರಿನವರೆಗೆ ಬಂದು ಹಡಗೂ ಹತ್ತಿದರು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಹೆದರಿ ಇಳಿದು, ಸುಲ್ತಾನನಿಗೆ ಗಝಲ್ ಒಂದನ್ನು ಕಳುಹಿಸಿ ಊರಿಗೆ ಮರಳಿದರು. ಈ ಕತೆ ಕೇಳಿ ಅಮ್ಮಿ, "ಪಾಪ, ಕಡಲಿಗೆ ಹೆದರಿದರು. ಮಗಳು ಇಲ್ಲಿದ್ದರೆ ಹೆದರುತ್ತಿರಲಿಲ್ಲ" ಎಂದರು. ಅಕ್ಕ ತಲೆ ತಗ್ಗಿಸಿದಳು.

ಎಲ್ಲರೂ ಹಾಗೆ ಹಿಂದಿರುಗಿದವರಲ್ಲ. ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗಾವಾನ್ ಬೀದರಿನಲ್ಲಿ ವಝೀರರಾಗಿ 1472ರಲ್ಲಿ ಮದ್ರಸಾ ಕಟ್ಟಿಸಿದರು. ಇದೇ ಶಿರಾಝ್‌ನಿಂದ ಆಗಾ ಅಲಿ ಅಸ್ಕರ್ ಎಂಬ ಹದಿಹರೆಯದ ಹುಡುಗ 1824ರಲ್ಲಿ ಕುದುರೆಗಳೊಡನೆ ಬೆಂಗಳೂರಿಗೆ ಬಂದು ನೆಲೆಸಿದರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಅವರ ಮೊಮ್ಮಗ. ನಮ್ಮ ಅಬ್ಬಾ ಸರ್ ಮಿರ್ಝಾರ ಹೆಸರನ್ನು ಅಭಿಮಾನದಿಂದ ಹೇಳುತ್ತಿದ್ದರು. ಶಿರಾಝ್ ಬಹಳ ದೂರದ, ಪರಕೀಯ ಊರು ಎಂದೂ ಅವರೇ ಹೇಳುತ್ತಿದ್ದರು. ಎರಡು ಮಾತನ್ನೂ ಒಂದೇ ಬಾಯಿಂದ ಕೇಳಿದ ನಮಗೆ ಅದರಲ್ಲಿನ ವಿಚಿತ್ರ ಅಂದು ಹೊಳೆದಿರಲಿಲ್ಲ.

ಮೂರನೇ ದಿನ ಪರ್ಸೆಪೊಲಿಸ್ ನೋಡಲು ಹೋದೆವು. ಶಿರಾಝ್‌ನಿಂದ ಸುಮಾರು 60 ಕಿಲೋಮೀಟರ್. ಅಲ್ಲಿನ ಜನ ಅದನ್ನು 'ತಖ್ತೆ ಜಮ್‌ಶೀದ್' ಎನ್ನುತ್ತಾರೆ. ಕ್ರಿಸ್ತಪೂರ್ವ 518ರ ಸುಮಾರಿಗೆ ಡೇರಿಯಸ್ ದೊರೆ ಕಟ್ಟಲು ಆರಂಭಿಸಿದ ಈ ಅರಮನೆಗಳ ಸಮೂಹವನ್ನು ಕ್ರಿಸ್ತಪೂರ್ವ 330ರಲ್ಲಿ ಅಲೆಕ್ಸಾಂಡರನ ಸೇನೆ ಸುಟ್ಟಿತು. ಈಗ ಉಳಿದಿರುವುದು ದೊಡ್ಡ ಜಗಲಿ, ಆಕಾಶಕ್ಕೆ ನಿಂತ ಕೆಲವು ಕಂಬಗಳು, ಬಾಗಿಲ ಚೌಕಟ್ಟುಗಳು ಮತ್ತು ಗೋಡೆಯ ಕೆತ್ತನೆಗಳು.

ಅಷ್ಟೆತ್ತರದ ಜಗಲಿಯನ್ನು ಅಮ್ಮಿ ಹೇಗೆ ಹತ್ತುತ್ತಾರೆಂದು ನಾನು ಯೋಚಿಸುತ್ತಿದ್ದೆ. ಆದರೆ ಅಲ್ಲಿ ಎರಡೂ ಕಡೆ ಇರುವ 111 ಮೆಟ್ಟಿಲುಗಳು ಬಹಳ ತಗ್ಗಿನವು. ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು ಹತ್ತು ಸೆಂಟಿಮೀಟರ್ ಮಾತ್ರ. ಉದ್ದ ನಿಲುವಂಗಿ ತೊಟ್ಟ ಅತಿಥಿಗಳು ಏದುಸಿರು ಬಿಡದೆ ಗಂಭೀರವಾಗಿ ಏರಲೆಂದು ಹಾಗೆ ಮಾಡಿದರೆನ್ನುತ್ತಾರೆ. ಕಲ್ಲು ಸವೆಯದಂತೆ ಮೇಲೆ ಮರ ಹೊದಿಸಿದ್ದರು. ಅಕ್ಕ ಒಂದು ಕಡೆ, ಅವಳ ಹಿರಿಯ ಮಗಳು ಇನ್ನೊಂದು ಕಡೆ ಹಿಡಿದುಕೊಂಡರು. ಅಮ್ಮಿ ನಿಧಾನವಾಗಿ, ಒಮ್ಮೆಯೂ ಕೂರದೆ, ಮೇಲೇರಿದರು.

ಅಪಾದಾನ ಎಂಬ ಸಭಾಭವನದ ಮೆಟ್ಟಿಲ ಗೋಡೆಯಲ್ಲಿ 23 ನಾಡುಗಳ ಜನ ಕಾಣಿಕೆ ತರುವ ಸಾಲು ಇದೆ. ಒಂಟೆ, ಕುದುರೆ, ಟಗರು, ಬಟ್ಟೆ, ಪಾತ್ರೆ, ಎಲ್ಲವನ್ನೂ ಕೆತ್ತಿದ್ದಾರೆ. ಅದರಲ್ಲಿ ನಮ್ಮ ಸಿಂಧೂ ಪ್ರದೇಶದ ಜನರೂ ಇದ್ದಾರೆ. ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಇನ್ನೊಬ್ಬ ಕತ್ತೆಯೊಂದನ್ನು ನಡೆಸಿಕೊಂಡು ಹೋಗುತ್ತಿದ್ದಾನೆ. ಮೈಮೇಲೆ ಅಂಗಿಯಿಲ್ಲ, ಸೊಂಟಕ್ಕೆ ಪಂಚೆಯಂತಹ ಬಟ್ಟೆ. ಮಗನಿಗೆ ಅವರನ್ನು ಕಂಡು ಬಹಳ ಸಂತೋಷ. ಅಮ್ಮಿ ನೋಡಿದ್ದು ಬೇರೆಯನ್ನು. ಪಕ್ಕದ ಸಾಲಿನಲ್ಲಿ ಆಸ್ಥಾನದ ಗಣ್ಯರು ಒಬ್ಬರ ಕೈ ಒಬ್ಬರು ಹಿಡಿದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಹಿಂತಿರುಗಿ ಮಾತನಾಡುತ್ತಾ ನಡೆಯುತ್ತಿದ್ದಾರೆ. "ಮದುವೆ ಮನೆಗೆ ಹೊರಟವರಂತಿದ್ದಾರೆ" ಎಂದರು. ನಿಜವಾಗಿಯೂ ಆ ಸಾಲಿನಲ್ಲಿ ಯುದ್ಧದ ಚಿತ್ರವಿಲ್ಲ.

ಅಲ್ಲಿ ಭಾವ ಇನ್ನೊಂದು ವಿಷಯ ಹೇಳಿದರು. 1933-34ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ತಂಡ ಇಲ್ಲಿ ಅಗೆಯುವಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಿದವು. ಅವು ಅರಮನೆಯ ಲೆಕ್ಕದ ಪುಸ್ತಕಗಳು. ಯಾವ ಕೆಲಸಗಾರರಿಗೆ ಎಷ್ಟು ಧಾನ್ಯ ಕೊಡಲಾಯಿತು ಎಂಬುದು ಅವುಗಳಲ್ಲಿದೆ. ಕೆಲಸ ಮಾಡುವ ಹೆಂಗಸರ ಲೆಕ್ಕವೂ ಇದೆ. ಹೆಂಗಸರ ತಂಡಗಳಿಗೆ ಮುಖ್ಯಸ್ಥೆಯಾದವಳಿಗೆ ಹೆಚ್ಚಿನ ಪಾಲು ಸಿಗುತ್ತಿತ್ತು. ಹೆತ್ತ ತಾಯಂದಿರಿಗೆ ಹೆಚ್ಚುವರಿ ಆಹಾರ ಕೊಡುತ್ತಿದ್ದರು. ಆದರೆ ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು. ಇದನ್ನು ಕೇಳಿ ಅಕ್ಕ ನಕ್ಕು, "ನನಗೆ ಇಬ್ಬರೂ ಹೆಣ್ಣು. ಅರ್ಧ ಪಾಲೇ ಸಿಗುತ್ತಿತ್ತು" ಎಂದಳು. ಅಮ್ಮಿ ನಗಲಿಲ್ಲ. "ನನಗೂ ಇಬ್ಬರೇ ಹೆಣ್ಣು. ಅದರಲ್ಲಿ ಒಬ್ಬಳ ಪಾಲನ್ನು ನಾನೇ ಬಿಟ್ಟುಕೊಟ್ಟೆ" ಎಂದರು. ಆ ಪ್ರಯಾಣದಲ್ಲಿ ಅವರು ಹಿಂದಿನ ವಿಷಯವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕ ಏನೂ ಹೇಳದೆ ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಐದನೇ ದಿನ ಎರಡು ಕಾರುಗಳಲ್ಲಿ ಇಸ್ಫಹಾನ್‌ಗೆ ಹೊರಟೆವು. ಭಾವನ ತಾಯಿಯೂ ಜೊತೆಗಿದ್ದರು. ದಾರಿಯಲ್ಲಿ ಪಸಾರ್ಗದೆ ಸಿಗುತ್ತದೆ. ಅಲ್ಲಿ ಬಯಲಿನ ನಡುವೆ ಆರು ಮೆಟ್ಟಿಲ ಜಗಲಿಯ ಮೇಲೆ ಸಣ್ಣ ಕಲ್ಲಿನ ಮನೆಯಂತಹ ಕಟ್ಟಡವಿದೆ. ಅದು ಸೈರಸ್ ದೊರೆಯ ಸಮಾಧಿ. ಕ್ರಿಸ್ತಪೂರ್ವ 530ರಲ್ಲಿ ಅವನು ತೀರಿಕೊಂಡ. ಪವಿತ್ರ ಕುರ್‌ಆನ್‌ನ ಅಲ್ ಕಹ್ಫ್ ಅಧ್ಯಾಯದಲ್ಲಿ ಬರುವ ಝುಲ್‌ಕರ್‌ನೈನ್ ಈತನೇ ಇರಬಹುದೆಂದು ಮೌಲಾನಾ ಅಬುಲ್ ಕಲಾಂ ಆಝಾದ್ ವಾದಿಸಿದ್ದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪುವುದಿಲ್ಲ. ಅಲ್ಲಾಹನೇ ಬಲ್ಲ.

ಆದರೆ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಶತಮಾನಗಳ ಕಾಲ ಸುತ್ತಲಿನ ಹಳ್ಳಿಗರು ಅದನ್ನು ಪ್ರವಾದಿ ಸುಲೈಮಾನ್(ಅ)ರ ತಾಯಿಯ ಸಮಾಧಿಯೆಂದು ನಂಬಿದ್ದರು. 'ಮಾದರೆ ಸುಲೈಮಾನ್' ಎಂದೇ ಕರೆಯುತ್ತಿದ್ದರು. ಹದಿಮೂರನೇ ಶತಮಾನದಲ್ಲಿ ಫಾರ್ಸ್ ಪ್ರಾಂತದ ಅರಸರು ಹಳೆಯ ಅರಮನೆಯ ಕಂಬಗಳನ್ನು ತಂದು ಅದರ ಸುತ್ತ ಮಸೀದಿ ಕಟ್ಟಿದರು. ಸಮಾಧಿಯೊಳಗೆ ಮಿಹ್ರಾಬನ್ನೂ ಕೆತ್ತಿಸಿದರು. ತಾಯಿಯ ಹೆಸರು ಇದ್ದುದರಿಂದಲೇ ಯಾರೂ ಅದಕ್ಕೆ ಕೈ ಹಚ್ಚಲಿಲ್ಲ ಎನ್ನುತ್ತಾರೆ. ದೊರೆಯ ಹೆಸರನ್ನು ಜನ ಮರೆತರು, ತಾಯಿಯ ಮೇಲಿನ ಗೌರವ ಕಟ್ಟಡವನ್ನು ಕಾಯಿತು. ಇಬ್ಬರು ಮುದುಕಿಯರು ಅದರ ನೆರಳಿನಲ್ಲಿ ಕುಳಿತು, ನಾವು ಕಟ್ಟಿ ತಂದ ರೊಟ್ಟಿ, ಪನೀರ್ ಮತ್ತು ಹಸಿ ಸೊಪ್ಪನ್ನು ಹಂಚಿಕೊಂಡು ತಿಂದರು.

ಇಸ್ಫಹಾನ್‌ನ ಸೌಂದರ್ಯದ ಬಗ್ಗೆ ಎಷ್ಟು ಬರೆದರೂ ಸಾಲದು. 1598ರಲ್ಲಿ ಶಾ ಅಬ್ಬಾಸ್ ಅದನ್ನು ರಾಜಧಾನಿಯಾಗಿ ಮಾಡಿಕೊಂಡ. ಅವನು ನಿರ್ಮಿಸಿದ ನಕ್ಷೆ ಜಹಾನ್ ಚೌಕ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲ. ದಕ್ಷಿಣಕ್ಕೆ ನೀಲಿ ಹೆಂಚಿನ ದೊಡ್ಡ ಮಸೀದಿ, ಪೂರ್ವಕ್ಕೆ ಮಿನಾರವಿಲ್ಲದ ಶೇಖ್ ಲುತ್ಫುಲ್ಲಾ ಮಸೀದಿ. ಆ ದೊಡ್ಡ ಮಸೀದಿಯ ಗುಂಬಝ್‌ನ ಕೆಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಹಲವು ಬಾರಿ ಮರಳಿ ಬರುತ್ತದೆ. ನನ್ನ ಮಗನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಆ ನೀಲಿ ಹೆಂಚುಗಳನ್ನು ಕಂಡಾಗ ನನಗೆ ಬೀದರಿನ ಗಾವಾನ್ ಮದ್ರಸಾದ ಗೋಡೆ ಕಣ್ಣಿಗೆ ಕಟ್ಟಿತು. ವಿದ್ಯಾರ್ಥಿನಿಯರನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದಾಗ ಉಳಿದ ಒಂದೇ ಮಿನಾರದ ಮೇಲೆ ಅಂಟಿಕೊಂಡಿದ್ದ ಅದೇ ನೀಲಿ ಚೂರುಗಳನ್ನು ಅವರಿಗೆ ತೋರಿಸಿದ್ದೆ.

ಆದರೆ ಅಮ್ಮಿಯ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಚೌಕದ ಮಸೀದಿಗಳಲ್ಲ, ಊರಿನ ಹಳೆಯ ಭಾಗದಲ್ಲಿರುವ ಜುಮಾ ಮಸೀದಿ. ಅಲ್ಲಿ ಬಣ್ಣ ಕಡಿಮೆ, ಇಟ್ಟಿಗೆಯೇ ಹೆಚ್ಚು. ದಕ್ಷಿಣದ ದೊಡ್ಡ ಗುಂಬಝನ್ನು ಹನ್ನೊಂದನೇ ಶತಮಾನದ ಕೊನೆಯಲ್ಲಿ ಸೆಲ್ಜೂಕರ ವಝೀರ ನಿಝಾಮುಲ್ ಮುಲ್ಕ್ ಕಟ್ಟಿಸಿದರು. ಮದ್ರಸಾಗಳನ್ನು ಕಟ್ಟಿ ಸುನ್ನಿ ವಿದ್ವತ್ತನ್ನು ಬೆಳೆಸಿದವರೆಂದು ನಾವು ಓದಿದ ನಿಝಾಮುಲ್ ಮುಲ್ಕ್ ಇವರೇ. ಅವರ ಎದುರಾಳಿ ತಾಜುಲ್ ಮುಲ್ಕ್ ಪೈಪೋಟಿಯಿಂದ 1088ರಲ್ಲಿ ಉತ್ತರಕ್ಕೆ ಇನ್ನೊಂದು ಗುಂಬಝ್ ಕಟ್ಟಿಸಿದ. 1310ರಲ್ಲಿ ಮಂಗೋಲ್ ದೊರೆ ಉಲ್ಜಾಯ್ತು ಒಂದು ಮಿಹ್ರಾಬ್ ಮಾಡಿಸಿದ. ಅವನು ಶಿಯಾ ಪಂಥವನ್ನು ಸ್ವೀಕರಿಸಿದ್ದವನು. 1501ರಲ್ಲಿ ಅಧಿಕಾರಕ್ಕೆ ಬಂದ ಸಫವಿಗಳು ಶಿಯಾ ಪಂಥವನ್ನು ದೇಶದ ಅಧಿಕೃತ ಪಂಥವಾಗಿಸಿದರು. ಅವರೂ ಈ ಮಸೀದಿಯನ್ನು ಕೆಡವಲಿಲ್ಲ. ಅಂಗಳದ ಸುತ್ತ ತಮ್ಮ ಹೆಂಚಿನ ಅಲಂಕಾರ ಸೇರಿಸಿ ನಮಾಝ್ ಮುಂದುವರಿಸಿದರು.

ಇದರರ್ಥ ಇತಿಹಾಸದುದ್ದಕ್ಕೂ ಎಲ್ಲರೂ ಸಹೋದರರಂತಿದ್ದರು ಎಂದಲ್ಲ. ಇವೆರಡು ಪಂಗಡಗಳ ಹೆಸರಿನಲ್ಲಿ ಬಹಳ ರಕ್ತ ಹರಿದಿದೆ, ಬಲವಂತಗಳೂ ನಡೆದಿವೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೂ ಆ ಮಸೀದಿ ನಿಂತಿದೆ. ಭಾವ ಇದನ್ನೆಲ್ಲ ಹೇಳುತ್ತಿದ್ದಾಗ ಅಮ್ಮಿ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಕೊನೆಗೆ, "ಕಟ್ಟಿದವರು ಒಬ್ಬರು, ಬಾಳಿಸಿದವರು ಇನ್ನೊಬ್ಬರು. ಕಿಬ್ಲಾ ಮಾತ್ರ ತಿರುಗಲಿಲ್ಲ ನೋಡು" ಎಂದರು. ಆಮೇಲೆ ಸ್ವಲ್ಪ ತಡೆದು, "ನಿಮ್ಮ ಅಬ್ಬಾ ಇಲ್ಲಿಗೆ ಬರಬೇಕಿತ್ತು. ಅವರು ಕೆಟ್ಟವರಲ್ಲ. ಅವರಿಗೆ ಯಾರೂ ತೋರಿಸಲಿಲ್ಲ" ಎಂದರು. ಅಕ್ಕ ಆಗ ಅತ್ತಳು. ಇಪ್ಪತ್ತು ವರ್ಷ ಅವಳು ಕಾಯುತ್ತಿದ್ದುದು ಅಬ್ಬಾರ ಪರವಾಗಿ ಯಾರಾದರೂ ಒಂದು ಮಾತು ಹೇಳಲಿ ಎಂದು. ಅವಳ ಅತ್ತೆ ಏನಾಯಿತೆಂದು ಕೇಳಲಿಲ್ಲ. ತಮ್ಮ ಚಾದರದ ಅಂಚಿನಿಂದ ಸೊಸೆಯ ಕಣ್ಣು ಒರೆಸಿದರು.

ಅಂದು ಸಂಜೆ 33 ಕಮಾನುಗಳ ಸೇತುವೆಗೆ ಹೋದೆವು. ಕೆಳಗೆ ನೀರಿರಲಿಲ್ಲ. ಝಾಯಂದೆ ರೂದ್ ಎಂದರೆ ಜೀವ ಕೊಡುವ ನದಿ. ಬರ, ಮೇಲ್ಭಾಗದಲ್ಲಿ ಬೇರೆಡೆಗೆ ತಿರುಗಿಸಿದ ನೀರು, ಅತಿಯಾದ ಬಳಕೆ ಇವೆಲ್ಲ ಸೇರಿ ಅದು ವರ್ಷದ ಬಹುಭಾಗ ಬತ್ತಿರುತ್ತಿತ್ತು. ಒಣಗಿ ಬಿರುಕುಬಿಟ್ಟ ಪಾತ್ರದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಆದರೂ ಜನ ಎಂದಿನಂತೆ ಸೇತುವೆಯ ಕಮಾನುಗಳ ಕೆಳಗೆ ಬಂದು ಕುಳಿತಿದ್ದರು. ಅಲ್ಲಿ ನಾನು ಅಕ್ಕನ ಪಕ್ಕ ಕುಳಿತು, ಉತ್ತರಿಸದೆ ಬಿಟ್ಟ ಪತ್ರಗಳ ವಿಷಯ ಹೇಳಿದೆ. ಕ್ಷಮೆ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ವಾಪಸು ಬಾರದ ಪತ್ರಗಳು ಅವೆರಡೇ. ನೀನು ಓದಿರಬಹುದು ಎಂದುಕೊಂಡು ನೆಮ್ಮದಿ ಪಡುತ್ತಿದ್ದೆ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಹದಿನೈದು ದಿನಗಳ ಬಳಿಕ ಊರಿಗೆ ಮರಳಿದೆವು. ಆಮೇಲೆ ಪ್ರತಿ ಶುಕ್ರವಾರ ಅಮ್ಮಿ ಮತ್ತು ಅಕ್ಕ ಮಾತನಾಡುತ್ತಿದ್ದರು. 2020ರಲ್ಲಿ ಅಕ್ಕ ಮಕ್ಕಳೊಡನೆ ಬರುವುದೆಂದು ನಿಶ್ಚಯವಾಗಿತ್ತು. ಕೊರೋನಾ ಬಂದು ವಿಮಾನಗಳು ನಿಂತವು. 2021ರ ಮೇ ತಿಂಗಳಲ್ಲಿ ಎರಡನೇ ಅಲೆಯ ನಡುವೆ ಅಮ್ಮಿ ಅಲ್ಲಾಹನ ಕರೆಗೆ ಓಗೊಟ್ಟರು. ಅಕ್ಕ ಫೋನಿನ ಪರದೆಯ ಮೇಲೆ ಕೊನೆಯ ಸಲ ಮುಖ ನೋಡಿದಳು. ಅತ್ತ ಅವಳ ಅತ್ತೆ ಕುರ್‌ಆನ್ ಓದುತ್ತಿದ್ದುದು ನಮಗೆ ಕೇಳುತ್ತಿತ್ತು.

2025ರ ಜೂನ್‌ನಲ್ಲಿ ಇರಾನಿನ ಮೇಲೆ ದಾಳಿಗಳಾಗಿ ಅಲ್ಲಿ ಇಂಟರ್‌ನೆಟ್ ಸ್ಥಗಿತಗೊಂಡಾಗ ಕೆಲವು ದಿನ ಅಕ್ಕನ ಸುದ್ದಿಯೇ ಇರಲಿಲ್ಲ. ನಾನು ನಿದ್ರೆಯಿಲ್ಲದೆ ಫೋನ್ ಹಿಡಿದು ಕುಳಿತಿದ್ದೆ. ಕೊನೆಗೆ ಅವಳ ದನಿ ಕೇಳಿದಾಗ ಒಂದು ಯೋಚನೆ ಬಂತು. 2018ಕ್ಕೆ ಮುಂಚೆ ಆ ಊರಿನಲ್ಲಿ ಏನಾದರೂ ಆಗಿದ್ದರೆ ನಾನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುತ್ತಿದ್ದೆ. ಸಂಬಂಧ ಬೆಸೆದರೆ ಸಂತೋಷದ ಜೊತೆಗೆ ಇಂತಹ ಭಯವೂ ಬರುತ್ತದೆ. ಆ ಭಯ ನನಗೆ ಬೇಕು.

ಸಹೋದರಿಯರೇ, ಕೊಟ್ಟವರಿಗೆ ಕೊಡುವುದು, ಬಂದವರ ಮನೆಗೆ ಹೋಗುವುದು ಬರೇ ಲೆಕ್ಕ ತೀರಿಸುವ ಕೆಲಸ. ಕಡಿದುಕೊಂಡವರ ಕಡೆಗೂ ಕೈ ಚಾಚುವುದೇ ನಿಜವಾದ ಸಂಬಂಧ ಪಾಲನೆ ಎಂಬುದು ಪ್ರವಾದಿ(ಸ)ರ ಬೋಧನೆ. ಇದನ್ನು ನಾನು ಮದ್ರಸಾದಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅರ್ಥವಾದದ್ದು ಮಾತ್ರ ಅಕ್ಷರ ಕಲಿಯದ ಇಬ್ಬರು ತಾಯಂದಿರು ಹಾಸಿದ ಜಾನಮಾಝ್‌ಗಳ ಮುಂದೆ. ನಮ್ಮೆಲ್ಲರಿಗೂ ಶಿರಾಝ್‌ನಷ್ಟು ದೂರ ಹೋಗಬೇಕಾದ ಅಗತ್ಯವಿರುವುದಿಲ್ಲ. ಕೆಲವರಿಗೆ ಪಕ್ಕದ ಬೀದಿಯೇ ಸಾಕು. ಆದರೆ ಆ ದಾರಿ ಕೆಲವೊಮ್ಮೆ ಶಿರಾಝ್‌ಗಿಂತ ದೂರ ಎಂಬುದು ನನಗೆ ಗೊತ್ತು.

ಕತೆ ಕೇಳಿದ ಆ ತಾಯಿ ಏನೂ ಹೇಳದೆ ಎದ್ದರು. ಬಾಗಿಲವರೆಗೆ ಹೋಗಿ ಮರಳಿ ಬಂದು, "ಟೀಚರ್, ಇನ್ನೊಂದು ಆಮಂತ್ರಣ ಪತ್ರಿಕೆಯ ಮೇಲೆ ನೀವೇ ಹೆಸರು ಬರೆದುಕೊಡುತ್ತೀರಾ? ನನ್ನ ಕೈ ನಡುಗುತ್ತದೆ" ಎಂದರು. ನಾನು ಬರೆದುಕೊಟ್ಟೆ. ತಂಗಿ ಬರುತ್ತಾರೋ ಇಲ್ಲವೋ ತಿಳಿಯದು. ಮದುವೆ ಬರುವ ತಿಂಗಳು. ನೀವೂ ದುಆ ಮಾಡಿ.